ಓಡಿಹೋದವನ ಹೆಂಡತಿ

ಗ್ರೀನ್ ರಿವರ್ ಊರಿನಲ್ಲಿ ಓರ್ಫಾ ಗೇಲಾರ್ಡ್‌ಗೆ ಹೆದರದವರು ಕಡಿಮೆ. ರೈಲ್ವೆ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲೇ ಅವಳ ಆಯುಷ್ಯ ಸವೆಯಿತು. ತೋಳು ಗಂಡಸಿನಂತೆ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ನಮ್ಮ ಕಲ್ಲಂಗಡಿ ಹೊಲಕ್ಕೂ ಅವಳ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಮುಳ್ಳುತಂತಿ ಬೇಲಿ ಮಾತ್ರ. ಹಾಗಾಗಿ ಅವಳ ಕತೆ ನನಗೆ ಹತ್ತಿರದಿಂದ ಗೊತ್ತು.

ಅವಳ ಗಂಡ ಡೆಲ್ ದೋಣಿ ನಡೆಸುತ್ತಿದ್ದ. ಸಾವಿರದ ಒಂಬೈನೂರ ಇಪ್ಪತ್ತೇಳರ ಬೇಸಿಗೆಯಲ್ಲಿ ಪೂರ್ವದ ಕಡೆಯಿಂದ ಕ್ಲೆಮೆಂಟ್ ವಿಟ್‌ಲಾಕ್ ಎಂಬಾತ ಮೂರು ದೋಣಿ, ಒಬ್ಬ ಕ್ಯಾಮೆರಾದವ ಮತ್ತು ಇಬ್ಬರು ಗೆಳೆಯರೊಂದಿಗೆ ಬಂದಿಳಿದ. ಕೆಂಪು ಬಂಡೆಗಳ ಕಮರಿಯೊಳಗೆ ನದಿಯಲ್ಲಿ ಸಾಗಿ, ಅದನ್ನೆಲ್ಲ ಸಿನಿಮಾ ತೆಗೆದು ಊರೂರಲ್ಲಿ ತೋರಿಸುವುದು ಅವನ ಯೋಚನೆ. ನೀರು ಬಲ್ಲವನು ಬೇಕಾಗಿತ್ತು. ಡೆಲ್ ಹೋದ.

ಉಳಿದವರೆಲ್ಲ ವಾಪಸು ಬಂದರು. ಡೆಲ್ ಬರಲಿಲ್ಲ.

"ಏನ್ ಹೇಳೋದಮ್ಮ," ಎಂದ ವಿಟ್‌ಲಾಕ್, ಹೋಟೆಲಿನ ಜಗಲಿಯಲ್ಲಿ ಎಲ್ಲರೆದುರು. "ದೊಡ್ಡ ಸೆಳವು ನೋಡಿ ಹೆದ್ರಿಬಿಟ್ಟ. ಬೆಳಿಗ್ಗೆ ಎದ್ದು ನೋಡಿದ್ರೆ ಆಸಾಮಿ ಇಲ್ಲ. ಕಂಬಳಿ, ರೊಟ್ಟಿ ಎತ್ಕೊಂಡು ಬಂಡೆ ಹತ್ತಿ ಹೋಗಿದ್ದ."

"ಡೆಲ್ ನೀರಿಗೆ ಹೆದ್ರಿದ್ನಾ?" ಎಂದಳು ಓರ್ಫಾ. "ಅವ್ನು ಹುಟ್ಟಿದ್ಮೇಲೆ ಹೆದ್ರಿದ್ದು ನಂಗೊಬ್ಳಿಗೇ. ಎಲ್ಲಿ ಹೂತು ಬಂದ್ಯೋ ಅದನ್ನ ಹೇಳು."

ಊರು ವಿಟ್‌ಲಾಕನನ್ನೇ ನಂಬಿತು. ದಕ್ಷಿಣದಲ್ಲೆಲ್ಲೋ ಡೆಲ್‌ನನ್ನು ಇನ್ನೊಬ್ಬಳ ಜತೆ ಕಂಡೆ ಎನ್ನುವವನೂ ಒಬ್ಬ ಸಿಕ್ಕಿದ. ಮಾರನೆಯ ಚಳಿಗಾಲ ವಿಟ್‌ಲಾಕ್ ಸಿನಿಮಾ ಹಿಡಿದು ನಮ್ಮ ಊರಿಗೂ ಬಂದ. ಹೋಟೆಲಿನ ದುಪ್ಪಟಿಗಳನ್ನು ಹೊಲಿದು ಪರದೆ ಮಾಡಿದ್ದರು. ಒಗೆದು ಇಸ್ತ್ರಿ ಮಾಡಿದವಳು ಓರ್ಫಾಳೇ. ಅರ್ಧ ಸಿನಿಮಾ ಆದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿತು: "ಇಲ್ಲಿ ನಮ್ಮ ದೋಣಿಗಾರ ಡೆಲ್ ಗೇಲಾರ್ಡ್ ಧೈರ್ಯಗೆಟ್ಟು ಓಡಿಹೋದ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಓರ್ಫಾ ಎದ್ದು ಹೋಗಿ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಹರಿದು ಹಾಕಿದಳು. ಷೆರಿಫ್ ರಟ್ಟೆ ಹಿಡಿದು ಹೊರಗೆ ಕರೆದೊಯ್ಯುವಾಗಲೂ ಒಂದು ತುಂಡು ಅವಳ ಮುಷ್ಟಿಯಲ್ಲೇ ಇತ್ತು.

ಆಮೇಲೆ ಮೂವತ್ತು ವರ್ಷ ಅವಳು ಓಡಿಹೋದವನ ಹೆಂಡತಿ. ವಿಧವೆಯರ ಮನೆಗೆ ಚರ್ಚಿನ ಗಂಡಸರು ಸೌದೆ ಒಡೆದು ತಂದು ಹಾಕುತ್ತಿದ್ದರು. ಅವಳ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು, ಏಕೆಂದರೆ ಅವಳು ವಿಧವೆಯಲ್ಲ. ಮಾಂಸದಂಗಡಿಯ ಆರ್ಲೋ ಟಿಬೆಟ್ಸ್ ಪ್ರತಿ ಶನಿವಾರ ಕೇಳುತ್ತಿದ್ದ, "ಏನ್ ಓರ್ಫಾ, ಯಜಮಾನ್ರಿಂದ ಏನಾದ್ರೂ ಸುದ್ದಿ?"

"ಬಂತು. ನಿನ್ ತಕ್ಕಡಿ ಸುಳ್ಳು ಹೇಳುತ್ತಂತೆ, ಹುಷಾರು ಅಂದಿದಾನೆ," ಎನ್ನುತ್ತಿದ್ದಳು ಅವಳು. ನಗುತ್ತಿರಲಿಲ್ಲ.

ವಿಟ್‌ಲಾಕ್ ಹೆಸರು ಮಾಡಿದ. ಪತ್ರಿಕೆಯಲ್ಲಿ ಅವನ ಚಿತ್ರ ಬಂದಾಗಲೆಲ್ಲ ಓರ್ಫಾ ಅದನ್ನು ಕತ್ತರಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಟಿಸುತ್ತಿದ್ದಳು. ಒಂದು ವಾರದಲ್ಲಿ ಮುಖ ಅಳಿಸಿಹೋಗುತ್ತಿತ್ತು.

ಐವತ್ತೆಂಟರಲ್ಲಿ ಸಾಲ್ಟ್ ಲೇಕ್‌ನ ಒಂದು ಹಳೆಯ ಚಿತ್ರಗಳ ಸಂಗ್ರಹಾಲಯದಿಂದ ಮಿರಿಯಮ್ ಆಲ್ಡಸ್ ಎಂಬ ಹುಡುಗಿ ಬಂದಳು. ವಿಟ್‌ಲಾಕನ ಕ್ಯಾಮೆರಾದವನು ತೀರಿಕೊಂಡಿದ್ದನಂತೆ. ಅವನ ಮಗಳು ಅಟ್ಟದಲ್ಲಿದ್ದ ಫಿಲ್ಮ್ ಡಬ್ಬಿಗಳನ್ನೆಲ್ಲ ಸಂಗ್ರಹಾಲಯಕ್ಕೆ ಕೊಟ್ಟಿದ್ದಳು. ಅವುಗಳಲ್ಲಿ ಸಿನಿಮಾಕ್ಕೆ ಸೇರಿಸದೆ ಕತ್ತರಿಸಿಟ್ಟ ತುಣುಕುಗಳೂ ಇದ್ದವು. ಅವುಗಳಲ್ಲಿರುವ ಮುಖಗಳು ಯಾರವೆಂದು ಹಳಬರು ಗುರುತಿಸಿ ಹೇಳಲಿ ಎಂದು ಮಿರಿಯಮ್ ಶಾಲೆಯ ಕೋಣೆಯಲ್ಲಿ ಒಂದು ಮಧ್ಯಾಹ್ನ ಯಂತ್ರ ಹೂಡಿದಳು. ಊರಿನ ಮುದುಕರೆಲ್ಲ ಸೇರಿದ್ದರು. ನಾನು ಓರ್ಫಾಳ ಪಕ್ಕ ಕೂತಿದ್ದೆ.

ಮೊದಲು ದೋಣಿಗೆ ಬಣ್ಣ ಬಳಿಯುವವರು, ಬೀನ್ಸ್ ಬೇಯಿಸುವವರು ಕಂಡರು. ಆಮೇಲೆ ಒಂದು ದೊಡ್ಡ ಸೆಳವು. ದಡದಲ್ಲಿ ಡೆಲ್. ತಲೆ ಅಲ್ಲಾಡಿಸುತ್ತಿದ್ದಾನೆ, ಹಗ್ಗ ತೋರಿಸುತ್ತಿದ್ದಾನೆ. ದೋಣಿಯನ್ನು ಹಗ್ಗ ಕಟ್ಟಿ ದಡದಗುಂಟ ಇಳಿಸೋಣ ಎನ್ನುತ್ತಿರುವುದು ದನಿಯಿಲ್ಲದೆಯೂ ತಿಳಿಯುತ್ತಿತ್ತು. ಬಂಡೆಯ ಮೇಲೆ ನಿಂತ ವಿಟ್‌ಲಾಕ್ ಕ್ಯಾಮೆರಾದ ಕಡೆ ಬೆರಳು ಮಾಡಿ, ಹೋಗು ಹೋಗು ಎಂದು ಚಪ್ಪಾಳೆ ತಟ್ಟುತ್ತಿದ್ದಾನೆ. ಡೆಲ್ ಹಗ್ಗ ಕೆಳಗೆ ಹಾಕಿ ದೋಣಿ ಹತ್ತಿದ. ಸೆಳವಿನ ನಡುವೆ ದೋಣಿ ಎದ್ದು ನಿಂತು ಮಗುಚಿತು. ತಳದ ಮೇಲೆ ಒಂದು ಕೈ ಕಂಡಿತು, ಜಾರಿತು. ಮತ್ತೆ ಬರೀ ನೀರು. ಕೊನೆಗೆ ವಿಟ್‌ಲಾಕ್ ಕ್ಯಾಮೆರಾದತ್ತ ನಡೆದು ಬಂದು ಅದರ ಕಣ್ಣಿಗೆ ಅಂಗೈ ಅಡ್ಡ ಹಿಡಿದ. ಪರದೆ ಕಪ್ಪಾಯಿತು.

"ದೋಣಿಯಲ್ಲಿದ್ದವರು ಯಾರು ಅಂತ ಯಾರಿಗಾದ್ರೂ ಗೊತ್ತಾ?" ಎಂದಳು ಮಿರಿಯಮ್, ಪಾಪ.

ಓರ್ಫಾ ಎದ್ದಳು. "ಇನ್ನೊಂದ್ಸಲ ಹಾಕಮ್ಮ." ಇನ್ನೊಮ್ಮೆ ನೋಡಿ, ಪರದೆಗೆ ಬೆನ್ನು ಹಾಕಿ ಊರಿನತ್ತ ತಿರುಗಿದಳು. "ಆರ್ಲೋ, ಯಜಮಾನ್ರಿಂದ ಸುದ್ದಿ ಬಂತು ನೋಡು."

ಮಾರನೆಯ ದಿನದಿಂದ ಅವಳ ಜಗಲಿಗೆ ಸೌದೆ, ಜಾಮಿನ ಬಾಟಲಿ, ಕೇಕು ಬರತೊಡಗಿದವು. ಅವಳು ತಿನ್ನುವುದನ್ನೆಲ್ಲ ಬೇಲಿಯಾಚೆ ನಮ್ಮ ಹಂದಿಗಳಿಗೆ ಎಸೆದಳು. ಸೌದೆಯನ್ನು ರಸ್ತೆಗೆ ಉರುಳಿಸಿದಳು.

ವಿಟ್‌ಲಾಕ್ ಆಗ ಗ್ರ್ಯಾಂಡ್ ಜಂಕ್ಷನ್‌ನಲ್ಲಿದ್ದ. ಆ ಶರತ್ಕಾಲ ಅವನಿಗೊಂದು ಸನ್ಮಾನದ ಊಟ ಏರ್ಪಾಡಾಗಿತ್ತು. ಅಲ್ಲಿ ಹಳೆಯ ಸಿನಿಮಾ ತೋರಿಸಲು ಮಿರಿಯಮ್‌ಳನ್ನೇ ಕರೆದಿದ್ದರು.

"ಆ ತುಣುಕನ್ನೂ ಹಾಕು," ಎಂದಳು ಓರ್ಫಾ.

"ಎಂಬತ್ತು ವರ್ಷದ ಮುದುಕರು, ಓರ್ಫಾ ಅಮ್ಮ. ಎದೆ ಒಡ್ಕೊಂಡ್ರೆ?"

"ಡೆಲ್‌ಗೆ ಮೂವತ್ತೊಂದು. ಅವನಿಗೆ ಎದೆ ಇರ್ಲಿಲ್ವಾ?"

ಮಿರಿಯಮ್ ಎರಡು ದಿನ ಯೋಚಿಸಿ ಒಪ್ಪಿದಳು. ನನ್ನ ಟ್ರಕ್ಕಿನಲ್ಲಿ ಓರ್ಫಾಳನ್ನು ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಒಂದು ಹಾಡು ಗುನುಗುತ್ತಿದ್ದಳು. ಅವಳ ಬಾಯಲ್ಲಿ ನಾನು ಹಾಡು ಕೇಳಿದ್ದು ಅದೇ ಮೊದಲು.

ಕುರಿಮಾಂಸದ ತಟ್ಟೆಗಳನ್ನು ತೆಗೆದು ದೀಪ ಆರಿಸಿದರು. ಓಡಿಹೋದ ಎನ್ನುವ ಅಕ್ಷರ ಬಂದು ಹೋದ ಮೇಲೆ ಆ ತುಣುಕು ಬಂತು. ಅಂಗೈ ಪರದೆ ಮುಚ್ಚಿದಾಗ ಯಾರೋ ದೀಪ ಹಾಕಿದರು. ವಿಟ್‌ಲಾಕನ ಮುಂದೆ ಓರ್ಫಾ ನಿಂತಿದ್ದಳು.

"ಅವನನ್ನ ಕೊಂದದ್ದು ನದಿ, ನಾನಲ್ಲ," ಎಂದ ಅವನು. ದನಿ ಗಟ್ಟಿಯಾಗಿಯೇ ಇತ್ತು.

"ನದಿ ಮೇಲೆ ನಂಗೆ ಜಗಳ ಇಲ್ಲ. ಅವನನ್ನ ಹೇಡಿ ಅಂದದ್ದು ನದಿ ಅಲ್ಲ. ಬಾಯಿ ಬಿಟ್ಟು ಹೇಳು, ಇಲ್ಲೇ."

ಅವನು ಕರವಸ್ತ್ರ ಹುಡುಕಿದ. ಪಕ್ಕದಲ್ಲಿದ್ದ ಅವನ ಹೆಂಡತಿ ಕುರ್ಚಿಯನ್ನು ದೂರ ಸರಿಸಿಕೊಂಡು, "ಹೇಳಿ, ಕ್ಲೆಮೆಂಟ್," ಎಂದಳು.

ಹೇಳಿದ. ವಿಷಯ ಹೊರಗೆ ಬಂದರೆ ವಿಚಾರಣೆ ನಡೆದು ಸಿನಿಮಾ ನಿಂತುಹೋಗುತ್ತಿತ್ತು ಎಂದ. ಹೆಣ ಹುಡುಕಲೂ ನಿಲ್ಲಲಿಲ್ಲ ಎಂದ. ಕೊಡಬೇಕಿದ್ದ ಹಿತ್ತಾಳೆ ಫಲಕ ಮೇಜಿನ ಮೇಲೆಯೇ ಉಳಿಯಿತು. ಜನ ಕೋಟು ಹುಡುಕಿಕೊಂಡು ಹೊರಟರು. ಅವನ ಕೈ ಕುಲುಕಿದವರು ಯಾರೂ ಇಲ್ಲ.

ವಸಂತ ಬರುವಷ್ಟರಲ್ಲಿ ವಿಟ್‌ಲಾಕ್ ಹಾಸಿಗೆ ಹಿಡಿದ. ಅವನ ಮಗ ಕಾರಿನಲ್ಲಿ ನಮ್ಮ ಊರಿಗೇ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. ತಂದೆಗೆ ಒಮ್ಮೆ ಕ್ಷಮೆ ಕೇಳಬೇಕಂತೆ, ಅದೊಂದೇ ಆಸೆಯಂತೆ. ಓರ್ಫಾ ಏಪ್ರನ್ ಬಿಚ್ಚಿ, "ನಡಿ ಕಣೇ, ಟ್ರಕ್ ತೆಗಿ," ಎಂದಳು ನನಗೆ. ಮನಸ್ಸು ಕರಗಿತೇನೋ ಎಂದುಕೊಂಡೆ.

ಮುದುಕ ದಿಂಬಿಗೆ ಒರಗಿದ್ದ. "ಕ್ಷಮಿಸಿಬಿಡಿ, ತಾಯಿ," ಎಂದ.

ಅವಳು ಹಾಸಿಗೆಯ ಬದಿಗೆ ಬಂದು, ಅವನಿಗೆ ಚೆನ್ನಾಗಿ ಕೇಳಿಸಲಿ ಎಂದು ಬಾಗಿದಳು. "ಇಲ್ಲ. ಇದನ್ನ ಹೇಳೋಕೇ ಅಷ್ಟು ದೂರದಿಂದ ಬಂದೆ." ಅವನು ಕೈ ಚಾಚಿದ. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವನ ಕೈ ತಾನಾಗಿ ಕೆಳಗೆ ಬೀಳುವವರೆಗೆ ನೋಡುತ್ತ ನಿಂತಳು.

ವಾಪಸು ಬರುವಾಗ ರಸ್ತೆ ಬದಿಯ ಹೋಟೆಲಲ್ಲಿ ಚೆರ್ರಿ ಕಡುಬು ತರಿಸಿ ತಿಂದಳು.

"ಸಮಾಧಾನ ಆಯ್ತಾ ಓರ್ಫಾ ಅತ್ತೆ?" ಎಂದೆ.

"ಸಾಲ್ದು ಕಣೇ. ಅವ್ನು ಹಾಸಿಗೆ ಮೇಲೆ ಸಾಯ್ತಾನೆ." ಎಂದು ಇನ್ನೊಂದು ತುಂಡು ತರಿಸಿದಳು.

ಅವನು ಸತ್ತ ಮೇಲೆ ಅವಳು ಸ್ಮಶಾನದಲ್ಲಿ ಡೆಲ್‌ನ ಹೆಸರಿಗೆ ಕಲ್ಲು ನಿಲ್ಲಿಸಿದಳು. ಕೆಳಗೆ ಹೆಣವಿಲ್ಲ. "ಡೆಲ್ ಗೇಲಾರ್ಡ್. ಓಡಿಹೋಗಲಿಲ್ಲ, ಮುಳುಗಿದ. ನೀರಿಗೆ ಇಳಿಸಿದವನು ಕ್ಲೆಮೆಂಟ್ ವಿಟ್‌ಲಾಕ್." ಕೊನೆಯ ಸಾಲು ಬೇಡವೆಂದು ಬಿಷಪ್ ಎಷ್ಟೋ ಹೇಳಿದರು. ನೀವು ಸತ್ತಾಗ ನಿಮ್ಮ ಕಲ್ಲಿನ ಮೇಲೆ ನಿಮಗೆ ಬೇಕಾದ್ದು ಕೆತ್ತಿಸಿಕೊಳ್ಳಿ ಎಂದಳು.

ಓರ್ಫಾ ಹೋಗಿ ಈಗ ಬಹಳ ವರ್ಷವಾಯಿತು. ಹೋದ ವರ್ಷ ವಿಟ್‌ಲಾಕನ ಮೊಮ್ಮಕ್ಕಳು ಬಂದು, ತಾತನ ಹೆಸರು ಕೆರೆಸಿ, ಬೇಕಿದ್ದರೆ ಹೊಸ ಕಲ್ಲನ್ನೇ ಹಾಕಿಸಿಕೊಡುತ್ತೇವೆ ಎಂದು ಪಂಚಾಯಿತಿಯನ್ನು ಕೇಳಿಕೊಂಡರು. ಸಭೆಯಲ್ಲಿ ಆರ್ಲೋ ಟಿಬೆಟ್ಸ್‌ನ ಮಗನೂ ಇದ್ದ. ಒಪ್ಪುವವರು ಕೈ ಎತ್ತಿ ಎಂದಾಗ ಒಬ್ಬರೂ ಎತ್ತಲಿಲ್ಲ.