ಮುಚ್ಚಳವಿಲ್ಲದ ಹಿಟ್ಟಿನ ಡಬ್ಬಿ

ಆ ದಿನ ಕೋರ್ಟಿನಲ್ಲಿ ನಡೆದದ್ದೆಲ್ಲ ನನಗೆ ಸರಿಯಾಗಿ ನೆನಪಿದೆ ಎಂದು ಪ್ರಮಾಣ ಮಾಡಿ ಹೇಳಲಾರೆ. ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿ, ಅದೂ ಇಷ್ಟು ವರ್ಷಗಳ ನಂತರ, ಅದೂ ಕಕ್ಷಿದಾರರ ಮೇಲೆ ಪ್ರೀತಿ ಇರುವವನು ಎಂದರೆ ಅಂಥವನ ಮಾತನ್ನು ನಾನೇ ನಂಬುವುದಿಲ್ಲ. ಆದರೂ ಕಳೆದ ವಾರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ನಮ್ಮ ಸೊಸೈಟಿಯ ಹಿಂದಿನ ಹಿಟ್ಟಿನ ಗಿರಣಿಯ ಮುಂದೆ ಹಾದುಹೋಗುವಾಗ ಬಿಸಿ ಜೋಳದ ಹಿಟ್ಟಿನ ವಾಸನೆ ಬಂತು. ಹೆಜ್ಜೆ ತಾನಾಗಿಯೇ ನಿಂತಿತು. ಕಾಕು ನೆನಪಾದರು.

ಆಗ ನಾವು ವಡೋದರಾದ ಮಂಜಲ್‌ಪುರದಲ್ಲಿದ್ದೆವು. ಅಪ್ಪನದು ರೈಲ್ವೆ ನೌಕರಿ. ಮೇಲಿನ ಮನೆಯಲ್ಲಿ ಧಾರವಾಡ ಕಡೆಯಿಂದ ವರ್ಗವಾಗಿ ಬಂದ ದಂಪತಿ. ಆತ ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ಅವರನ್ನು ಕಾಕಾ ಎಂದೂ ಆಕೆಯನ್ನು ಕಾಕು ಎಂದೂ ಕರೆಯುತ್ತಿದ್ದೆವು. ನಮ್ಮ ಮನೆಯಲ್ಲಿ ಮೈಸೂರಿನ ಕನ್ನಡ. ಕಾಕುವಿನ ಮಾತು ಮೊದಮೊದಲು ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಅವರ ರೊಟ್ಟಿ ಮಾತ್ರ ಮೊದಲ ದಿನವೇ ಪೂರ್ತಿ ತಿಳಿಯಿತು.

ಆ ರೊಟ್ಟಿಗೆ ಹಿಟ್ಟು ತಾಜಾ ಇರಬೇಕು. ಹಾಗಾಗಿ ವಾರಕ್ಕೊಮ್ಮೆ ಕಾಕು ದೊಡ್ಡ ರಸ್ತೆ ದಾಟಿ ಗಿರಣಿಗೆ ಹೋಗುತ್ತಿದ್ದರು. ಗೋಧಿ ಹಿಟ್ಟು ಬೆರೆಯದಿರಲೆಂದು, ಗಿರಣಿಯವನು ಸಜ್ಜೆ ಬೀಸಿ ಮುಗಿಸುವವರೆಗೆ ಕಾದು, ಆಮೇಲೆ ತಮ್ಮ ಜೋಳ ಹಾಕಿಸುತ್ತಿದ್ದರು. ಬರುವಾಗ ಸ್ಟೀಲಿನ ಡಬ್ಬಿ ಸೊಂಟದ ಮೇಲೆ, ಬಾಯಿ ತೆರೆದೇ. ಬಿಸಿ ಹಿಟ್ಟಿಗೆ ಮುಚ್ಚಳ ಹಾಕಿದರೆ ಒಳಗೆ ಬೆವೆತು ಮುಗ್ಗಲು ವಾಸನೆ ಬರುತ್ತದೆಂದು ಅವರು ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. "ಹಿಟ್ಟಿಗೂ ಉಸಿರು ಬೇಕಪಾ" ಎನ್ನುತ್ತಿದ್ದರು... ಅಥವಾ ನನ್ನ ಅಮ್ಮ ಹೇಳಿದ ಮಾತನ್ನು ಅವರ ಬಾಯಿಗೆ ಹಾಕುತ್ತಿದ್ದೇನೋ.

ಹಾಗೆ ಬರುತ್ತಿದ್ದಾಗಲೇ ಒಂದು ಟೆಂಪೋ ಅವರಿಗೆ ಬಡಿಯಿತು. ತೊಡೆಯ ಮೂಳೆ ಮುರಿದು ರಾಡ್ ಹಾಕಿದರು. ಅಲ್ಲಿ ರಸ್ತೆ ದಾಟಲು ಹಿಂದೆಂದೋ ಬಿಳಿ ಪಟ್ಟಿ ಬಳಿದಿದ್ದರಂತೆ. ನಾನು ನೋಡುವ ಹೊತ್ತಿಗೆ ಅದು ಅಳಿಸಿಹೋಗಿ ಟಾರಿನ ಬಣ್ಣವೇ ಆಗಿತ್ತು. ಚಾಲಕ ಹೇಳಿದ್ದು ಇಷ್ಟೇ: ಹೆಂಗಸು ಒಮ್ಮೆಲೇ ಓಡಿ ಬಂದಳು, ಗಾಜಿನ ತುಂಬ ಹಿಟ್ಟು ಹಾರಿ ಬೆಳ್ಳಗಾಯಿತು.

ಪರಿಹಾರದ ದಾವೆ ಹೂಡಿದ ಮೇಲೆ ಎದುರು ಪಕ್ಷದ ವಿಮೆಯವರು ರಾಜಿಗೆ ಬಂದರು. ಕೊಡುತ್ತೇವೆ, ಆದರೆ ಅರ್ಧ ತಪ್ಪು ಅರ್ಜಿದಾರರದ್ದು, ಓಡಿ ಬಂದದ್ದು ನಿಜ ಎಂದು ಒಪ್ಪಿ ಸಹಿ ಹಾಕಬೇಕು. ಕಾಕಾಗೆ ಇದು ಹೊಸತಲ್ಲ. ಇಡೀ ಸರ್ವಿಸಿನಲ್ಲಿ ಅವರು ಇಂಥದ್ದೇ ರಾಜಿಗಳನ್ನು ಕಂಪನಿಯ ಪರವಾಗಿ ಮಾಡಿಸಿದವರು.

"ಸಹಿ ಹಾಕಿ ಮುಗಿಸಿಬಿಡು. ಇಂಥಾವು ಎಷ್ಟೋ ನೋಡೀನಿ ನಾ," ಎಂದರು ಕಾಕಾ.

"ನೋಡೀರಿ, ಆ ಕಡೆ ಕುರ್ಚಿ ಮ್ಯಾಲೆ ಕೂತು. ಈಗೊಮ್ಮೆ ಈ ಕಡೆ ಬಂದು ಕೂಡ್ರಿ," ಎಂದರು ಕಾಕು. "ಕಾಲು ಹೋತು, ಹೋಗ್ಲಿ. ನಾ ಓಡಿಲ್ಲ. ಮದಿವ್ಯಾದಾಗಿಂದ ಓಡೇ ಇಲ್ಲ. ಬಸ್ಸು ತಪ್ಪತದಂದ್ರೂ ಓಡದಾಕಿ, ಹಿಟ್ಟು ಹಿಡಕೊಂಡು ಓಡ್ತೀನೇನು?"

ಕಾಕಾ ನನ್ನ ಕಡೆ ನೋಡಿದರು, ನೀನಾದರೂ ಹೇಳು ಎನ್ನುವಂತೆ. ಆಗ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನನಗೆ ಎರಡೂ ಕಡೆಯ ವಾದ ಸಾಧ್ಯವೆಂದು ತೋರುತ್ತಿತ್ತು.

ಕಾಕು ಸಹಿ ಹಾಕಲಿಲ್ಲ, ಹೀಗಾಗಿ ವಿಚಾರಣೆ ನಡೆಯಿತು. ಕಾಕುಗೆ ಹಿಂದಿ ಬರುತ್ತಿತ್ತು, ಆದರೆ ಸಿಟ್ಟು ಬಂದರೆ ಕನ್ನಡ ಮಾತ್ರ. ಹಾಗಾಗಿ ಅವರ ಮಾತನ್ನು ಹಿಂದಿಗೆ ಹೇಳಲು ನ್ಯಾಯಾಧೀಶರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. ಎದುರು ಪಕ್ಷದ ವಕೀಲರು ಸಿಹಿಯಾಗಿಯೇ ಶುರು ಮಾಡಿದರು.

"ಮಾಸಿ, ತಮೆ ದೋಡೀನೆ ಆವ್ಯಾ ತಾ ನೆ?" ಓಡಿಕೊಂಡೇ ಬಂದಿರಲ್ಲವೇ ಎಂದು.

ಕಾಕು ಅವರಿಗೆ ಉತ್ತರ ಕೊಡಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿದರು. "ಸಾಹೇಬ್ರ, ಆ ಡ್ರೈವರ್ ಏನಂದಾನ? ಗಾಜಿನ ತುಂಬ ಹಿಟ್ಟು ಹಾರಿ ಬೆಳ್ಳಗಾತು ಅಂದಾನಿಲ್ಲೋ? ಅಂದ್ರ ಡಬ್ಬಿ ತುಂಬಿತ್ತು, ಬಾಯಿ ತೆರದಿತ್ತು. ತುಂಬಿದ ಡಬ್ಬಿ ಹಿಡಕೊಂಡು ಓಡಿದ್ರ ಅವನ ಗಾಜಿಗೆ ಹಿಟ್ಟೆಲ್ಲಿ ಉಳೀತಿತ್ತು? ನನ್ನ ಸೀರಿಗೇ ಆಗ್ತಿತ್ತು."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ತಡವರಿಸಿದೆ ಎಂಬುದು ಖಚಿತ. ಎಷ್ಟು ಚೆನ್ನಾಗಿ ಹೇಳಿದೆ ಎಂಬುದು ಖಚಿತವಿಲ್ಲ.

ವಕೀಲರು ನಕ್ಕರು. ಮುಚ್ಚಳ ಇದ್ದೇ ಇತ್ತು, ಡಿಕ್ಕಿಗೆ ಹಾರಿಹೋಗಿರಬೇಕು ಎಂದರು. ಇದು ತಕ್ಕಮಟ್ಟಿಗೆ ಸರಿಯಾದ ಆಕ್ಷೇಪಣೆಯೇ. ನನ್ನ ಮನಸ್ಸಿನಲ್ಲೂ ಅದೇ ಬಂದಿತ್ತು. ಕಾಕು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು.

"ಢಕ್ಕನ್ ಘರ್ ಪೆ ಹೈ, ಸಾಹೇಬ್!"

ಕಾಕಾ ಎದ್ದು ನಿಂತಿದ್ದರು. ಯಾರೂ ಕೇಳಿರಲಿಲ್ಲ. ಕೋರ್ಟಿನ ಶಿಸ್ತಿನ ಬಗ್ಗೆ ನಮಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ, ಮುಖ ಕೆಂಪಾಗಿಸಿಕೊಂಡು, ಮುಚ್ಚಳ ಮನೆಯಲ್ಲಿದೆ, ಅಪಘಾತದ ದಿನ ಆಸ್ಪತ್ರೆಯಿಂದ ಬಂದು ಅಡುಗೆಮನೆಗೆ ಹೋದಾಗ ಕಟ್ಟೆಯ ಮೇಲೆ ಅದೇ ಕಂಡದ್ದು, ಆವತ್ತಿನಿಂದ ಅದನ್ನು ಅಲ್ಲಿಂದ ಎತ್ತಿಡುವ ಧೈರ್ಯ ತಮಗೆ ಬಂದಿಲ್ಲ ಎಂದುಬಿಟ್ಟರು. ನ್ಯಾಯಾಧೀಶರು ಕೂಡಲು ಹೇಳಿದರು. ಗದರಿಸಿದಂತಿರಲಿಲ್ಲ. ಆಮೇಲೆ ಬರೆಯುವುದನ್ನು ನಿಲ್ಲಿಸಿ, ಯಾರಿಗೂ ಅಲ್ಲದ ಹಾಗೆ ಗುಜರಾತಿಯಲ್ಲಿ, ನಮ್ಮ ಮನೆಯಲ್ಲೂ ಹೀಗೇ ತೆರೆದೇ ತರುತ್ತಾರೆ ಎಂದರು. ನಿಜಕ್ಕೂ ಹಾಗೆ ಅಂದರೇ? ಅಂದಿರಬೇಕು... ನಾನು ಈ ಕಥೆಯನ್ನು ಹೇಳಿದಾಗಲೆಲ್ಲ ಅವರು ಅನ್ನುತ್ತಾರೆ.

ಕಾಕು ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದರು. "ಈ ಕಡೆ ಬಂದ್ರಲ್ಲ ಕಡೀಕೂ," ಎಂದರು ಮೆಲ್ಲಗೆ. ಅದನ್ನು ನಾನು ಅನುವಾದ ಮಾಡಲಿಲ್ಲ.

ತೀರ್ಪಿನಲ್ಲಿ ಪೂರ್ತಿ ತಪ್ಪು ಟೆಂಪೋದ್ದೇ ಎಂದಾಯಿತು. ಬಂದ ಪರಿಹಾರದ ಬಗ್ಗೆ ಕಾಕು ಮಾತಾಡಿದ್ದು ನೆನಪಿಲ್ಲ. ಕೋಲೂರಿಕೊಂಡು ಮತ್ತೆ ಗಿರಣಿಗೆ ಹೊರಟದ್ದು ನೆನಪಿದೆ. ಈ ಸಲ ಡಬ್ಬಿ ಕಾಕಾ ಕೈಯಲ್ಲಿ, ತೆರೆದೇ. ರಸ್ತೆಯ ಅಂಚಿನಲ್ಲಿ ಕಾಕು ಕೋಲನ್ನು ಅಡ್ಡಕ್ಕೆ ಎತ್ತಿ ಹಿಡಿಯುತ್ತಿದ್ದರು. ಸ್ಕೂಟರು, ರಿಕ್ಷಾ ಎಲ್ಲ ನಿಲ್ಲುತ್ತಿದ್ದವು. ಶಾಲೆಯ ಮಕ್ಕಳು, ತರಕಾರಿ ಚೀಲದ ಹೆಂಗಸರು ಅವರ ಹಿಂದೆ ಗುಂಪಾಗಿ ದಾಟುತ್ತಿದ್ದರು. ಯಾರೂ ಓಡುತ್ತಿರಲಿಲ್ಲ. ಓಡಿದರೆ ಬೈಸಿಕೊಳ್ಳಬೇಕಾಗುತ್ತಿತ್ತು. ಅವರು ನಮ್ಮ ಮೇಲಿನ ಮನೆಯವರು ಎಂದು ನಾನು ಗೆಳೆಯರಿಗೆ ಹೇಳಿಕೊಳ್ಳುತ್ತಿದ್ದೆ. ಈಗಲೂ ಹೇಳಿಕೊಳ್ಳುತ್ತೇನೆ.

ಕಾಕು ಹೋಗಿ ಕೆಲವು ವರ್ಷಗಳಾದವು. ಅವರ ಹಿಂದೆಯೇ ಕಾಕಾ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಕೇಳಿ ತಿಳಿದುಕೊಳ್ಳೋಣವೆಂದರೆ ಆ ದಿನ ಕೋರ್ಟಿನಲ್ಲಿದ್ದ ನಮ್ಮವರು ಯಾರೂ ಉಳಿದಿಲ್ಲ.

ಅದಕ್ಕೇ ಕಳೆದ ಭಾನುವಾರ ಒಂದು ಕೆಲಸ ಮಾಡಿದೆ. ಜೋಳ ಬೀಸಿಸಿ, ಸ್ಟೀಲಿನ ಡಬ್ಬಿಯ ತುಂಬ ಬಿಸಿ ಹಿಟ್ಟು ತುಂಬಿಸಿ, ಮುಚ್ಚಳವಿಲ್ಲದೆ ಸೊಂಟಕ್ಕಿಟ್ಟುಕೊಂಡು ಸೊಸೈಟಿಯ ಅಂಗಳದಲ್ಲಿ ಮೊದಲು ನಡೆದೆ. ಏನೂ ಆಗಲಿಲ್ಲ. ಆಮೇಲೆ ಓಡಿದೆ.

"ಅರೇ ಸಾಹೇಬ್, ಧೀಮೇ! ಲೋಟ್ ಉಡೇ ಛೆ!" ವಾಚ್‌ಮನ್ ಕೂಗಿದ. ಹಿಟ್ಟು ಹಾರುತ್ತಿದೆ, ನಿಧಾನ ಎಂದು. ಅಷ್ಟರಲ್ಲಿ ಅಂಗಿ, ಕನ್ನಡಕ, ಮೀಸೆ ಎಲ್ಲ ಬೆಳ್ಳಗಾಗಿದ್ದವು.

ಉಳಿದದ್ದೆಲ್ಲ ನನ್ನ ನೆನಪು, ಯಾರು ಬೇಕಾದರೂ ಅನುಮಾನಿಸಬಹುದು. ಇದೊಂದನ್ನು ಮಾತ್ರ ನಾನೇ ಪರೀಕ್ಷಿಸಿ ನೋಡಿದ್ದೇನೆ. ಕಾಕು ಓಡಿರಲಿಲ್ಲ.