ಮಂಗಳವಾರದ ಪತ್ರ

ಪೋರ್ಟೊರಿಕೊದ ಪೊನ್ಸೆ ಊರಿನ ದರ್ಜಿ ಎನೈದಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ನಿವೃತ್ತ ಹವಾಮಾನ ತಜ್ಞನೊಬ್ಬ ಪ್ರತಿ ಶುಕ್ರವಾರ ಇಮೇಲಿನಲ್ಲಿ ಕಳಿಸುತ್ತಿದ್ದ ಬಿರುಗಾಳಿಯ ಪತ್ರ ಅವಳಿಗೆ ಪುಕ್ಕಟೆ ಬರುತ್ತಿತ್ತು. ತಿಂಗಳಿಗೆ ಐದು ಡಾಲರ್ ಕೊಡುವವರಿಗೆ ಮಂಗಳವಾರ ಇನ್ನೊಂದು ಪತ್ರ ಹೋಗುತ್ತಿತ್ತು. ನಿಜವಾದ ಸುದ್ದಿ ಅದರಲ್ಲೇ ಇರುತ್ತದೆಂಬ ಗುಮಾನಿ ಅವಳನ್ನು ಕೊರೆಯುತ್ತಿತ್ತು.

ಒಂದು ಬುಧವಾರ, ಚಂದಾ ಕಟ್ಟಿದ್ದ ಪಕ್ಕದ ಮನೆಯ ವಿಲ್ಫ್ರೆದೊ ಕಿಟಕಿಗೆ ಹಲಗೆ ಹೊಡೆಯುತ್ತಿದ್ದ. ಎನೈದಾ ಬೇಲಿಯ ಬಳಿಗೆ ಓಡಿದಳು.

"ಬಿರುಗಾಳಿ ಬರ್ತಿದೆ ಅಲ್ವೇನಯ್ಯಾ? ನಮಗೆ ಮಾತ್ರ ಹೇಳ್ಬೇಡ."

"ಹಳೇ ಹಲಗೆಗೆ ಗೆದ್ದಲು ಹಿಡಿದಿತ್ತು ದೊನ್ಯಾ ಎನೈದಾ, ಅಷ್ಟೇ. ಬೇಕಾದ್ರೆ ನಿನ್ನೆ ಬಂದ ಪತ್ರ ನೀವೇ ಓದ್ಕೊಳ್ಳಿ," ಎಂದು ಅವನು ಫೋನು ಕೊಟ್ಟ.

ಪತ್ರದಲ್ಲಿ ತಜ್ಞನ ಹಳೆಯ ನೆನಪುಗಳಿದ್ದವು, ಮೋಡಗಳ ಚಿತ್ರಗಳಿದ್ದವು, ಕೊನೆಗೆ ಓದುಗರ ಪ್ರಶ್ನೆಗಳು. 'ನೀವು ಸುದ್ದಿ ಬಚ್ಚಿಡ್ತೀರಿ ಅಂತಾರೆ ಪಕ್ಕದ ಮನೆ ದರ್ಜಿಯಮ್ಮ' ಎಂದು ವಿಲ್ಫ್ರೆದೊ ಬರೆದಿದ್ದ. 'ಎಚ್ಚರಿಕೆ ಎಲ್ಲರಿಗೂ ಒಂದೇ ದಿನ, ಪುಕ್ಕಟೆ. ದುಡ್ಡು ನನ್ನ ಹರಟೆಗೆ ಮಾತ್ರ' ಎಂದಿತ್ತು ಉತ್ತರ.

ಗಾಳಿಯ ಭಯ ಇಳಿಯಿತು, ಎನೈದಾಳ ಮುಖ ಮಾತ್ರ ಕೆಂಪಾಯಿತು. "ಅಂದ್ರೆ ನೀನು ದುಡ್ಡು ಕೊಟ್ಟು ನನ್ನ ಮೇಲೆ ಚಾಡಿ ಹೇಳ್ತಿದ್ದೀಯ," ಎಂದಳು.

ಮುಂದಿನ ತಿಂಗಳಿಂದ ಅವಳೂ ಚಂದಾ ಕಟ್ಟಿದಳು, ವಿಲ್ಫ್ರೆದೊ ತನ್ನ ಬಗ್ಗೆ ಇನ್ನೇನೇನು ಬರೆಯುತ್ತಾನೋ ಎಂದು ಕಣ್ಣಿಡುವುದಕ್ಕೆ.