ಬಣ್ಣದ ಕೋಣೆಯ ಬಾಗಿಲಲ್ಲಿ ಕೂತ ತಾಯಿ

ನಾಟಕಕ್ಕೆ ಹೋದರೆ ನನ್ನ ಕಣ್ಣು ರಂಗಕ್ಕಿಂತ ಪ್ರೇಕ್ಷಕರ ಮೇಲೇ ಹೆಚ್ಚು. ಮುಂದಿನ ಸಾಲು ಯಾರು ಹಿಡಿದರು, ಯಾರು ಯಾರ ಸೀರೆ ನೋಡುತ್ತಿದ್ದಾರೆ, ನನಗೆ ಅದೇ ನಾಟಕ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಲಾ ಇತಿಹಾಸ ಓದಲು ಅಮೆರಿಕದ ಆಸ್ಟಿನ್ನಿಗೆ ಬಂದಾಗ, ಹತ್ತೊಂಬತ್ತನೆಯ ಶತಮಾನದ ಯುರೋಪಿನ ವ್ಯಂಗ್ಯಚಿತ್ರಕಾರರಿಗೂ ಇದೇ ಚಪಲವಿತ್ತೆಂದು ತಿಳಿದು ಸಮಾಧಾನವಾಯಿತು. ಅವರ ಅಚ್ಚುಚಿತ್ರಗಳಲ್ಲಿ ರಂಗ ಎಲ್ಲೋ ಮೂಲೆಯಲ್ಲಿರುತ್ತದೆ. ದುಬಾರಿ ಟಿಕೆಟ್ಟಿನ ಖಾಸಗಿ ಬಾಕ್ಸಿನಲ್ಲಿ ಕೂತ ಸಿರಿವಂತ ಹೆಂಗಸನ್ನು ಗಂಡಸರು ದುರ್ಬೀನಿಟ್ಟು ನೋಡುತ್ತಾರೆ. ಎಲ್ಲಕ್ಕಿಂತ ಮೇಲಿನ ಅಗ್ಗದ ಸಾಲುಗಳಲ್ಲಿ, ಸೂರಿನ ಕೆಳಗೆ ಒತ್ತೊತ್ತಾಗಿ ಕೂತ ಬಡವರು ಮಾತ್ರ ನಾಟಕ ನೋಡುತ್ತಾರೆ.

ಒಂದು ಶನಿವಾರ ಮ್ಯೂಸಿಯಮ್ಮಿನಲ್ಲಿ ಈ ಚಿತ್ರಗಳನ್ನು ವಿವರಿಸುವ ಸರದಿ ನನ್ನದಾಯಿತು. ಪಕ್ಕದೂರು ರೌಂಡ್ ರಾಕಿನ ಗೆಳತಿ ಸುಜಾತಾ, ಹುಬ್ಬಳ್ಳಿಯಿಂದ ಬಂದಿದ್ದ ತಾಯಿ ಶಾರದಮ್ಮನವರನ್ನೂ ಸಹೋದ್ಯೋಗಿ ಮಾಲಾಳನ್ನೂ ಕರೆತಂದಳು. ಶಾರದಮ್ಮ ಒಂದು ಕಾಲದಲ್ಲಿ ನಾಟಕ ಕಂಪನಿಯ ನಾಯಕಿ. ಅದು ನನಗೊಬ್ಬಳಿಗೇ ಗೊತ್ತು. ‘ಕಂಪನಿಯವಳ ಮಗಳು’ ಎಂಬ ಮಾತನ್ನು ಶಾಲೆಯಲ್ಲಿ ಕೇಳಿ ಸಾಕಾಗಿದ್ದ ಸುಜಾತಾ, ಇಲ್ಲಿ ಎಲ್ಲರಿಗೂ ‘ನಮ್ಮವ್ವ ಸಂಗೀತದ ಟೀಚರ್’ ಎಂದೇ ಹೇಳಿದ್ದಳು.

ಕೊನೆಯ ಚಿತ್ರ, ನಟಿಯರು ವೇಷ ಕಟ್ಟುವ ಬಣ್ಣದ ಕೋಣೆಯದು. ನಟಿ ಕನ್ನಡಿಯ ಮುಂದೆ. ಹೂಗುಚ್ಛ ಹಿಡಿದು ಕಾದಿರುವ ಎತ್ತರದ ಟೋಪಿಯ ದೊಡ್ಡ ಮನುಷ್ಯರು. ಬಾಗಿಲಲ್ಲಿ ಕೂತು ಅವರನ್ನು ಅಳೆಯುತ್ತಿರುವ ದಪ್ಪನೆಯ ತಾಯಿ. ಅವಳು ಮಗಳನ್ನು ಮಾರಲು ಕೂತಿದ್ದಾಳೆಂಬುದು ಚಿತ್ರಕಾರನ ಕುಹಕ. ಅದನ್ನು ಶಾರದಮ್ಮನವರ ಎದುರು ಹೇಗೆ ಹೇಳಲಿ ಎಂದು ತಡವರಿಸಿದೆ.

ಅಷ್ಟರಲ್ಲಿ ಅವರೇ ಚಿತ್ರದ ಹತ್ತಿರ ಹೋಗಿ ನಿಂತರು.

“ನಮ್ಮವ್ವನೂ ಹಿಂಗ ಬಾಗಿಲದಾಗ ಕೂಡತಿದ್ಲು,” ಎಂದರು. “ನಾಟಕ ಮುಗಿದ ಮ್ಯಾಲೆ ಗೌಡ್ರು, ಸಾವಕಾರ್ರು ಬರತಿದ್ರು. ‘ಮಗಳು ದಣದಾಳ, ಮನಿಗೆ ನಡೀರಿ’ ಅಂತ ಎಲ್ಲಾರನ್ನೂ ಹೊರಗ ಹಾಕತಿದ್ಲು. ಅಕಿ ಕೂತಿದ್ದಕ್ಕ ನಾ ನೆಟ್ಟಗ ಬಾಳೇವು ಮಾಡಿದೆ.”

ಸುಜಾತಾ ನೆಲ ನೋಡುತ್ತಿದ್ದಳು.

“ಆಂಟಿ, ನೀವು ನಾಟಕದಲ್ಲಿ ಆಕ್ಟ್ ಮಾಡ್ತಿದ್ರಾ?” ಎಂದಳು ಮಾಲಾ.

ಉತ್ತರ ಕೊಟ್ಟವಳು ಸುಜಾತಾ. “ಹೌದು ಮಾಲಾ. ನಮ್ಮವ್ವ ಕಂಪನಿ ಹೀರೋಯಿನ್ ಇದ್ಲು. ನಾನೇ ಯಾರಿಗೂ ಹೇಳಿರಲಿಲ್ಲ.” ಶಾರದಮ್ಮ ಮಗಳ ಕೈ ಹಿಡಿದುಕೊಂಡರು.

“ಒಂದು ಡೈಲಾಗ್ ಹೇಳಿ ಆಂಟಿ,” ಎಂದು ಮಾಲಾ ದುಂಬಾಲು ಬಿದ್ದಳು. ಆಮೇಲೆ ಯಾರೂ ಗೋಡೆಯ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಕೂತು ಶಾರದಮ್ಮ ರಾಣಿಯಾದರು, ಸವತಿಯಾದರು. ಸುಜಾತಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ವಿವರಣೆಯಿಂದ ಪಾರಾದ ನಾನೂ ನೆಲದ ಮೇಲೆ ಕೂತು, ಅಪರೂಪಕ್ಕೆ ಪ್ರೇಕ್ಷಕರನ್ನು ಬಿಟ್ಟು ನಾಟಕ ನೋಡಿದೆ.

ಆ ವ್ಯಂಗ್ಯಚಿತ್ರಕಾರನ ಮೇಲೆ ನನಗೀಗ ಒಂದು ಅನುಮಾನ. ಆ ತಾಯಿ ಹೊರಗೆ ಹಾಕಿದವರಲ್ಲಿ ಅವನೂ ಒಬ್ಬನಿರಬೇಕು.